ಚಿತ್ರಕೋಣೆಯ ಅರವತ್ತನಾಲ್ಕು ಪೆಟ್ಟಿಗೆಗಳು

ಜೂನ್ ೯

ಪ್ರೀತಿಯ ಅಕ್ಕಾ,

ಬಂದು ಸೇರಿದೆವು! ಎರಡು ರೈಲು, ಒಂದು ಬಸ್ಸು, ಕೊನೆಗೆ ಸಾಮಾನಿನ ಲಾರಿಯ ಮುಂದಿನ ಸೀಟಿನಲ್ಲಿ ನಾನು, ಇವರು ಮತ್ತು ದಾರಿಯುದ್ದಕ್ಕೂ ಹಾಡುತ್ತಲೇ ಇದ್ದ ಡ್ರೈವರು. ಅವನಿಗೆ ಒಂದೇ ಹಾಡು ಬರುತ್ತಿತ್ತು. ಈಗ ನನಗೂ ಬರುತ್ತದೆ.

"ಇಷ್ಟುದ್ದ ಬರೆಯೋ ಬದಲು ಫೋನ್ ಮಾಡಬಾರದಾ?" ಎಂದು ಇವರು ಕೇಳಿದರು. ಫೋನಿನಲ್ಲಿ ನೀವು "ಹೂಂ", "ಆಯ್ತು", "ಇಡ್ತೀನಿ" ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದು ಆಡಿದ್ದನ್ನು ನಾನಂತೂ ಕೇಳಿಲ್ಲ. ಪತ್ರವಾದರೆ ನೀವು ತಪ್ಪಿಸಿಕೊಳ್ಳುವ ಹಾಗಿಲ್ಲ. ಇಂಗ್ಲಿಷ್ ಶಾಲೆಯವಳ ಕನ್ನಡ ಇದು, ಕೆಂಪು ಪೆನ್ನು ಹಿಡಿದೇ ಓದಿ.

ಮನೆ ಮಹಡಿಯ ಮೇಲಿದೆ. ಕೆಳಗೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕಟಕಟ. ಕಿಟಕಿ ತೆರೆದರೆ ಬಸ್ ನಿಲ್ದಾಣ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ಇಬ್ಬರು ನಿಂತರೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳದೆ ಬೇರೆ ದಾರಿಯಿಲ್ಲ. ಅದಕ್ಕೇ ನಮ್ಮ ಸರ್ವೆಯರ್ ಸಾಹೇಬರು ಸಬೂಬು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. ಬೆಳಿಗ್ಗೆ ನಾನು ಏಳುವ ಮೊದಲೇ ಕಾಫಿ ಮಾಡಿ ಹಾಸಿಗೆಯ ಹತ್ತಿರ ತಂದಿಡುತ್ತಾರೆ. ದಿನಾ! ಮದುವೆಯಾಗಿ ಏಳು ವಾರವಾಯಿತು, ಇನ್ನೂ ಕನ್ನಡಿ ನೋಡಿದರೆ ನಗು ಬರುತ್ತದೆ.

ಈಗ ಮುಖ್ಯ ವಿಷಯ. ನೀವು ನಿಮ್ಮ ತಮ್ಮನ ಮನೆಗೆಂದು ಲೈಬ್ರರಿಗೆ ಮೂರು ವಾರ ರಜೆ ಹಾಕಿ ಹೋದಿರಲ್ಲ, ಆಗ ನಾನು ಸುಮ್ಮನೆ ಕೂತಿರಲಿಲ್ಲ. ನೀವು ಬರುವ ಮೊದಲೇ ನಾನು ಹೊರಡಬೇಕಾಗಿ ಬಂದದ್ದರಿಂದ ನಿಮ್ಮ ಮುಖ ನೋಡುವ ಭಾಗ್ಯ ತಪ್ಪಿತು. ಇಷ್ಟು ಹೊತ್ತಿಗೆ ನೋಡಿರುತ್ತೀರಿ. ನಮ್ಮ ಕಲಾ ಕಾಲೇಜಿನ ಚಿತ್ರಕೋಣೆಯ ಅರವತ್ತನಾಲ್ಕು ಪೆಟ್ಟಿಗೆ, ಆರು ಸಾವಿರ ಚಿತ್ರ. ಇಪ್ಪತ್ತಾರು ವರ್ಷದಿಂದ ನೀವು ಹಳೆಯ ಕ್ಯಾಲೆಂಡರು, ಪತ್ರಿಕೆ, ಹರಿದ ಪುಸ್ತಕಗಳಿಂದ ಕತ್ತರಿಸಿ, ಲೈಬ್ರರಿಯ ಬೈಂಡರ್ ಮಾಮನ ಕೈಯಲ್ಲಿ ರಟ್ಟಿಗೆ ಅಂಟಿಸಿ ಇಟ್ಟದ್ದು. ಕೈಗಳದ್ದೊಂದು ಪೆಟ್ಟಿಗೆ, ಹಗ್ಗಗಳದ್ದೊಂದು, ಖಾಲಿ ಕುರ್ಚಿಗಳದ್ದೊಂದು. ಮೋಡದ ಪಕ್ಕದಲ್ಲಿ ಮಂಚದ ಹೊದಿಕೆಗಳು! ಮೇಲೆ ಒಂದು ಚೀಟಿಯೂ ಇಲ್ಲ! ಹೊಸಬರು ಬಂದರೆ ಏನು ಮಾಡಬೇಕು ಹೇಳಿ? ಅದಕ್ಕೇ ನನ್ನ ಲೈಬ್ರರಿ ಕೋರ್ಸಿನಲ್ಲಿ ಕಲಿಸಿದಂತೆ ಎಲ್ಲವನ್ನೂ ಕಲಾವಿದರ ಹೆಸರಿನ ಪ್ರಕಾರ ಎ ಯಿಂದ ಝಡ್‌ವರೆಗೆ ಜೋಡಿಸಿ, ಹಿಂದೆ ನಂಬರ್ ಹಾಕಿದ್ದೇನೆ. ಡಿಸೆಂಬರಿನಲ್ಲಿ ಕಮಿಟಿಯವರು ಬಂದು ಚಿತ್ರಕೋಣೆ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುತ್ತಾರಲ್ಲ, ಆಗ ಅದು ಅಜ್ಜಿಯ ಟ್ರಂಕಿನ ಹಾಗೆ ಕಾಣಬಾರದು. ಇದು ನನ್ನ ಮದುವೆಗೆ ನಾನು ನಿಮಗೆ ಕೊಟ್ಟ ಉಡುಗೊರೆ. ಸರ್‌ಪ್ರೈಸ್!

ಹೇಗಿದೆ ಹೇಳಿ, ಬೇಗ ಹೇಳಿ.

ನಿಮ್ಮ
ವಟವಟ

•

ಜೂನ್ ೨೭

ವಟವಟಮ್ಮನಿಗೆ,

ಪತ್ರ ತಲುಪಿತು. ಉತ್ತರ ತಡವಾಯಿತು.

ಜೋಡಣೆ ನೋಡಿದೆ. ತುಂಬ ಶ್ರಮಪಟ್ಟಿದ್ದೀಯ. ಎಲ್ಲರಿಗಿಂತ ಹೆಚ್ಚು ಚಿತ್ರ ಬರೆದವನು 'ಯಾರದೋ' ಎಂಬ ಕಲಾವಿದ ಎಂದು ಈಗ ಗೊತ್ತಾಯಿತು. ಅವನೊಬ್ಬನಿಗೇ ಹದಿನೆಂಟು ಪೆಟ್ಟಿಗೆ.

ಶಿಲ್ಪ ವಿಭಾಗದ ಹುಡುಗಿಯೊಬ್ಬಳು ಬಂದಿದ್ದಳು. "ಅಕ್ಕಾ, ಭಾರ ಹೊತ್ತವರ ಬೆನ್ನು ಬೇಕು. ಮುಖ ಬೇಡ" ಎಂದಳು. ನಾಳೆ ಬಾ ಎಂದೆ.

ಕಮಿಟಿ ಬರುವುದು ಡಿಸೆಂಬರ್ ನಾಲ್ಕಕ್ಕೆ. ಪ್ರಿನ್ಸಿಪಾಲರು ಕರೆದು ಹೇಳಿದರು: "ಒಂದು ಬೆಳಿಗ್ಗೆ ಕೂತು ನೋಡ್ತಾರೆ, ಅಷ್ಟೆ. ಫೋನಲ್ಲಿ ಸಿಗೋ ಚಿತ್ರಕ್ಕೆ ಒಂದು ಕೋಣೆ ಯಾಕೆ ಅನ್ನೋದು ಅವರ ಪ್ರಶ್ನೆ. ಅದಕ್ಕೆ ನೀವು ಉತ್ತರ ಕೊಡಬೇಕು." ಉತ್ತರ ಸರಿಬೀಳದಿದ್ದರೆ ಕೋಣೆ ಕಂಪ್ಯೂಟರುಗಳಿಗೆ, ಪೆಟ್ಟಿಗೆಗಳು ರದ್ದಿಗೆ.

ನೀನು ಬರೆಯುತ್ತಿದ್ದ 'ಈ ವಾರ ಊರಿನಲ್ಲಿ' ಪಟ್ಟಿಯನ್ನು ಈಗ ನಾನೇ ಬರೆದು ಮೆಟ್ಟಿಲ ಬಳಿ ಅಂಟಿಸುತ್ತೇನೆ. ಬುಧವಾರ ಪುರಭವನದಲ್ಲಿ ಮಾಡೆಲ್ ಕೂರಿಸಿ ಚಿತ್ರ ಬರೆಯುವ ಕೂಟ. ಶುಕ್ರವಾರ ಗೊಂಬೆಯಾಟದವರ ಅಭ್ಯಾಸ, ವಿದ್ಯಾರ್ಥಿಗಳು ಹೋಗಿ ಕೂರಬಹುದು. ಭಾನುವಾರ ಕುಂಬಾರಿಕೆಯವರು ಮಡಕೆ ಸುಟ್ಟ ಆವಿಗೆ ತೆರೆಯುತ್ತಾರೆ. ಯಾರು ಹೋಗುತ್ತಾರೋ ತಿಳಿಯದು. ಅಂಟಿಸುವುದು ನನ್ನ ಕೆಲಸ.

ಬೆನ್ನು ನೋವು ಇದೆ. ಉಳಿದಂತೆ ಸರಿ.

ಅಕ್ಕ

•

ಜುಲೈ ೧೪

ಅಕ್ಕಾ!

"ತುಂಬ ಶ್ರಮಪಟ್ಟಿದ್ದೀಯ." ಅಷ್ಟೇನಾ? ಮೂರು ವಾರ ಧೂಳು ಕುಡಿದು, ಮದುವೆಯಾದ ಹೊಸತರಲ್ಲಿ ಗಂಡನ ಎದುರು ಸೀನುತ್ತಾ ಓಡಾಡಿದವಳಿಗೆ ಅಷ್ಟೇನಾ? ಇವರಿಗೆ ಓದಿ ಹೇಳಿದೆ. "ನಿಮ್ಮಕ್ಕ ಸರ್ಟಿಫಿಕೇಟ್ ಕೊಟ್ಟಿದಾರೆ, ಫ್ರೇಮ್ ಹಾಕ್ಸು" ಎಂದರು.

ಇನ್ನೊಂದು ದೂರು. ನಿಮ್ಮ ಪತ್ರ ಆರು ಹಾಳೆ ಇತ್ತು. ಆಹಾ, ಅಕ್ಕನಿಗೆ ಕೊನೆಗೂ ಮಾತು ಬಂತು ಎಂದು ಕುಣಿದೆ. ಬಿಚ್ಚಿದರೆ ಹಾಳೆಗೆ ಏಳೇ ಸಾಲು! ಅಷ್ಟು ದಪ್ಪ ಪೆನ್ನಿನಲ್ಲಿ ಅಷ್ಟು ದೊಡ್ಡ ಅಕ್ಷರ ಯಾಕೆ? ಎದುರು ಮಹಡಿಯವರೂ ಓದಲೆಂದೇ? ಪತ್ರ ದೊಡ್ಡದಾಗಿ ಕಾಣಲೆಂದು ಮಾಡಿದ ಉಪಾಯ ಅಂತ ನನಗೆ ಗೊತ್ತಾಯಿತು ಬಿಡಿ. ಪರೀಕ್ಷೆಯಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.

ಇಲ್ಲಿಯ ಸುದ್ದಿ ಹೇಳಲೇಬೇಕು. ಹೋದ ಭಾನುವಾರ ಮಹಡಿಯ ಮೇಲೆ ಬಟ್ಟೆ ಒಣಗಿಸುವಾಗ ಇವರು ಅಳತೆಯ ಟೇಪು ತಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಮೂಗಿನ ಉದ್ದ, ಕಿವಿಯಿಂದ ಕಿವಿಗೆ ದೂರ, ಎಲ್ಲ ಸರ್ವೆ ಪುಸ್ತಕದಲ್ಲಿ ಬರೆದುಕೊಂಡು, "ಇಷ್ಟೂ ಜಾಗ ಇನ್ನು ಸರ್ಕಾರದ ವಶ" ಎಂದು ಪ್ರತಿ ಗಡಿಗೂ ಒಂದೊಂದು ಮುತ್ತಿನ ಮುದ್ರೆ ಒತ್ತಿದರು. ಒಟ್ಟು ಹದಿನೇಳು ಗಡಿ. ಎಲ್ಲೆಲ್ಲಿ ಎಂದು ಬರೆಯುವುದಿಲ್ಲ, ನೀವು ಬೈಯುತ್ತೀರಿ. ಇಂಥದ್ದನ್ನೆಲ್ಲ ನಿಮ್ಮೊಬ್ಬರಿಗೇ ಬರೆಯುವುದು. ಅಮ್ಮನಿಗೆ ಬರೆಯಲಾಗುತ್ತದೆಯೇ?

ಈ ಊರಿನಲ್ಲಿ ಗ್ಯಾಲರಿ ಇಲ್ಲ, ನಾಟಕವಿಲ್ಲ, ಏನೂ ಇಲ್ಲ. ಔಷಧಿ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಬಳಿಯುತ್ತಿದ್ದಾರೆ. ದಿನವೂ ಒಂದು ಗಂಟೆ ನಿಂತು ನೋಡುತ್ತೇನೆ. ಬೋರ್ಡ್ ಬರೆಯುವವರು ನಿನ್ನೆ, "ಏನಮ್ಮಾ, ತಪ್ಪು ಹುಡುಕ್ತಿದೀಯಾ?" ಎಂದು ಕೇಳಿದರು.

ಆ ಬೆನ್ನಿನ ಹುಡುಗಿಗೆ ಬೇಕಾದದ್ದು ಸಿಕ್ಕಿತೇ? ಯಾವ ಕಲಾವಿದನದ್ದು ಕೊಟ್ಟಿರಿ?

ನಿಮ್ಮ
ವಟವಟ

•

ಆಗಸ್ಟ್ ೨೦

ವಟವಟಮ್ಮನಿಗೆ,

ಬೆನ್ನಿನ ಹುಡುಗಿಗೆ ಸಿಗಲಿಲ್ಲ. ಅವಳು ಬಸ್ ನಿಲ್ದಾಣಕ್ಕೆ ಹೋಗಿ ಮೂಟೆ ಹೊರುವವರನ್ನೇ ನೋಡಿ ಬರೆದುಕೊಂಡಳಂತೆ. ಒಳ್ಳೆಯದೇ ಆಯಿತು.

ಇಲ್ಲಿ ಒಂದು ಎಡವಟ್ಟಾಯಿತು. ಅಚ್ಚುಚಿತ್ರಗಳ ಪ್ರದರ್ಶನ ಗುರುವಾರ ಶುರುವಾಗುವುದಿತ್ತು. ನಾನು ಪಟ್ಟಿಯಲ್ಲಿ ಮಂಗಳವಾರ ಎಂದು ಬರೆದೆ. ಮೂವತ್ತೆರಡು ಮಂದಿ ಎರಡು ಬಸ್ಸು ಬದಲಾಯಿಸಿ ಹೋಗಿ ಬೀಗ ನೋಡಿಕೊಂಡು ಬಂದರು. ಡ್ರಾಯಿಂಗ್ ಮೇಷ್ಟ್ರು ಎಲ್ಲರ ಎದುರಿಗೇ, "ಏನ್ ಅಕ್ಕಾವ್ರೆ, ಆ ಹುಡುಗಿ ಹೋದ್ಮೇಲೆ ಲೈಬ್ರರಿಗೆ ಕಣ್ಣೇ ಹೋಯ್ತಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೇಷ್ಟ್ರು ಅದನ್ನು ಬರೆದೂ ಕೊಟ್ಟಿದ್ದಾರೆ. ಕಮಿಟಿಯ ಕಾಗದಗಳ ಜೊತೆ ಅದೂ ಹೋಗುತ್ತದೆ.

ಕೋಣೆಗೆ ಬರುವವರು ಕಡಿಮೆಯಾಗಿದ್ದಾರೆ. ಬಂದವರು ಕಾಯುತ್ತಾರೆ, ಕೈಯಲ್ಲಿ ಫೋನ್ ಇರುತ್ತದೆ, ನೋಡಿಕೊಂಡು ಹೋಗುತ್ತಾರೆ. ಸಂಜೆ ಬಾಗಿಲು ಹಾಕುವಾಗ ದಿನವಿಡೀ ಕಲ್ಲು ಹೊತ್ತಂತಿರುತ್ತದೆ. ಹೊತ್ತದ್ದು ಏನೂ ಇಲ್ಲ.

ನೀನು ಸಂತೋಷವಾಗಿರುವುದು ಓದಿ ಸಮಾಧಾನವಾಯಿತು. ಪತ್ರದಲ್ಲಿ ಎಲ್ಲವನ್ನೂ ಬರೆಯಬೇಕೆಂದಿಲ್ಲ.

ಅಕ್ಕ

•

ಆಗಸ್ಟ್ ೩೧

ಪ್ರೀತಿಯ ಅಕ್ಕಾ,

"ಎಲ್ಲವನ್ನೂ ಬರೆಯಬೇಕೆಂದಿಲ್ಲ"! ನಿಮಗೆ ನಾಚಿಕೆಯಾಯಿತು, ಗೊತ್ತಾಯಿತು. ಓದುತ್ತಾ ನೀವು ಕೆಂಪಗಾದದ್ದು ಇಲ್ಲಿಂದಲೇ ಕಾಣುತ್ತದೆ.

ಮೇಷ್ಟ್ರ ಮಾತು ಓದಿ ಸಿಟ್ಟು ಬಂತು, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ನಾನಿಲ್ಲದೆ ನಿಮಗೆ ಕೈಕಾಲು ಆಡುತ್ತಿಲ್ಲ ಎಂದಾಯಿತಲ್ಲ! ಅದಕ್ಕೇ ಒಂದು ಮದ್ದು ಮಾಡಿದ್ದೇನೆ. ಈ ಪತ್ರದ ಜೊತೆ ದಪ್ಪ ಲಕೋಟೆ ಬರುತ್ತದೆ. ಆರು ಸಾವಿರ ಚಿತ್ರಗಳ ಪೂರ್ತಿ ಅನುಕ್ರಮಣಿಕೆ! ಕಲಾವಿದನ ಹೆಸರು, ಪೆಟ್ಟಿಗೆ, ನಂಬರು. ನಂಬರ್ ಹಾಕುವಾಗ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ನನ್ನ ಹತ್ತಿರವೇ ಇತ್ತು. ಕೂತು ಟೈಪ್ ಮಾಡಿದೆ. ಹಗಲು ತುಂಬ ಉದ್ದ ಇಲ್ಲಿ. ಇವರಿಗೆ ರಸ್ತೆ ಕೆಲಸ ಜಾಸ್ತಿಯಾಗಿದೆ. ಅಕ್ಷರ ಚಿಕ್ಕದು ಮಾಡಿ ತೊಂಬತ್ತು ಪುಟಕ್ಕೆ ಇಳಿಸಿದೆ. ಇದೊಂದು ಪಕ್ಕದಲ್ಲಿದ್ದರೆ ನೀವು ಕಣ್ಣು ಮುಚ್ಚಿಕೊಂಡು ಹುಡುಕಬಹುದು.

ಡಿಸೆಂಬರಿನಲ್ಲಿ ಕಮಿಟಿಯವರ ಮುಂದೆ ಇದನ್ನು ದಪ್ಪ್ ಎಂದು ಮೇಜಿನ ಮೇಲೆ ಹಾಕಿ. ಬಾಯಿ ಮುಚ್ಚಿಕೊಂಡು ಕೋಣೆ ಬಿಟ್ಟು ಹೋಗುತ್ತಾರೆ. ಪ್ರಾಮಿಸ್!

ನಿಮ್ಮ
ವಟವಟ

•

ಅಕ್ಟೋಬರ್ ೩

ಅಕ್ಕನಿಗೆ,

ಐದು ವಾರವಾಯಿತು. ಲಕೋಟೆ ತಲುಪಿದೆ ಎಂದು ಅಂಚೆಯವರ ಚೀಟಿ ನನಗೆ ಬಂದಿದೆ. ನಿಮ್ಮಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಕಾಲೇಜಿಗೆ ಮಾಡಿದರೆ ಗುಮಾಸ್ತರು, "ಅಕ್ಕಾವ್ರು ಕೋಣೆಯಲ್ಲೇ ಇದಾರೆ, ಬರಲ್ವಂತೆ" ಎಂದರು.

ನಾನು ಹೋದದ್ದು ನಿಮಗೆ ಸಿಟ್ಟು. ಅದನ್ನು ನೇರವಾಗಿ ಹೇಳಿ. ನಾನು ಮಾಡಿದ ಜೋಡಣೆ ಹಿಡಿಸಲಿಲ್ಲ, ಅನುಕ್ರಮಣಿಕೆ ಹಿಡಿಸಲಿಲ್ಲ, ನನ್ನ ಪತ್ರದಲ್ಲಿರುವ ಸಂತೋಷವೂ ಹಿಡಿಸಲಿಲ್ಲ. ಒಂಟಿಯಾಗಿ ಇದ್ದವರಿಗೆ ಇನ್ನೊಬ್ಬರ ಮನೆಯ ನಗು ಕೇಳಿದರೆ ಹಾಗೆ ಆಗಬಹುದೇನೋ. ನನಗೇನು ಗೊತ್ತು. ನಾನೂ ಇಲ್ಲಿ ವಾರದಲ್ಲಿ ಐದು ದಿನ ಹೊಲಿಗೆ ಯಂತ್ರದ ಸದ್ದನ್ನೇ ಮಾತಾಡಿಸುತ್ತಾ ಕೂತಿರುತ್ತೇನೆ.

ಬರೆದದ್ದನ್ನು ಹರಿಯಬೇಕು ಎನಿಸುತ್ತಿದೆ. ಹರಿದರೆ ಮತ್ತೆ ಬರೆಯುವ ತ್ರಾಣವಿಲ್ಲ. ಹೀಗೇ ಕಳಿಸುತ್ತಿದ್ದೇನೆ.

ವಟವಟ

•

ಅಕ್ಟೋಬರ್ ೧೯

ವಟವಟಮ್ಮನಿಗೆ,

ಈ ಅಕ್ಷರ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಬೈಂಡರ್ ಬರೆಯುತ್ತಿದ್ದಾರೆ.

ನನ್ನ ಎರಡೂ ಕಣ್ಣಿನ ನಡುಭಾಗ ಹೋಗಿದೆ. ನೇರ ನೋಡಿದರೆ ಹೊಗೆ. ಪಕ್ಕಕ್ಕೆ ತಿರುಗಿಸಿದರೆ ಅಂಚು ಕಾಣುತ್ತದೆ. ಬಂದವರ ಕಿವಿ, ಮೊಣಕೈ, ಹೆಗಲ ಚೀಲ ಕಾಣುತ್ತವೆ, ಮುಖ ಕಾಣುವುದಿಲ್ಲ. ಎರಡು ವರ್ಷವಾಯಿತು. ಮೇ ತಿಂಗಳಲ್ಲಿ ತಮ್ಮನ ಮನೆಗೆ ಹೋಗಿರಲಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿದ್ದೆ. ಸೂಜಿ ಚುಚ್ಚಿದರು. ಇದ್ದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ ಎಂದರು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು, ಕೋಣೆಗೆ ಅಂದೇ ಬೀಗ ಬೀಳುತ್ತಿತ್ತು.

ನಿನ್ನ ಪತ್ರಗಳನ್ನೆಲ್ಲ ಬೈಂಡರ್ ಓದಿ ಹೇಳುತ್ತಿದ್ದರು. ಇದನ್ನು ಮೊದಲೇ ತಿಳಿಸಬೇಕಿತ್ತು. ಜುಲೈ ಪತ್ರದ ಎರಡನೆಯ ಹಾಳೆಯಲ್ಲಿ ಅವರಿಗೆ ಕೆಮ್ಮು ಬಂತು. ನೀರು ಕುಡಿದು ಬಂದು, "ಇಲ್ಲಿ ಹದಿನೇಳು ಗಡಿ ಅಂತಿದೆ, ಸರ್ವೆ ವಿಷಯ, ಮುಂದಕ್ಕೆ ಹೋಗ್ಲಾ?" ಎಂದರು. ಹೋಗಿ ಎಂದೆ. ಇದನ್ನು ಬರೆಯುವಾಗಲೂ ಅವರು ಕೆಮ್ಮುತ್ತಿದ್ದಾರೆ.

ಕಳೆದ ಪತ್ರವನ್ನೂ ಅವರೇ ಓದಿದರು. ಆ ಸಾಲು ಬಂದಾಗ ನಿಲ್ಲಿಸಿದರು. ಓದಿ ಎಂದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಐದು ದಿನ ಹೊಲಿಗೆ ಯಂತ್ರವನ್ನು ಮಾತಾಡಿಸುತ್ತೀಯೆಂಬ ಸಾಲೂ ಅದರ ಕೆಳಗೇ ಇತ್ತು.

ಸಿಟ್ಟಿಲ್ಲ. ಸುಸ್ತಾಗಿದೆ. ಕಮಿಟಿ ಬರುವ ಮೊದಲೇ ಪ್ರಿನ್ಸಿಪಾಲರಿಗೆ ಕೀಲಿಕೈ ಕೊಟ್ಟುಬಿಡೋಣ ಎಂದುಕೊಂಡಿದ್ದೇನೆ.

ಅಕ್ಕ

ಇದು ಬೈಂಡರ್ ಬರಿಯೋದಮ್ಮ. ಅಕ್ಕಾವ್ರು ಊಟಕ್ಕೆ ಹೋಗಿದಾರೆ, ಅದಕ್ಕೇ ಬೇಗ ಬೇಗ ಬರೀತಿದೀನಿ. ಇದನ್ನ ಹೇಳ್ಬೇಡಿ ಅಂತ ಕಟ್ಟುನಿಟ್ಟಾಗಿ ಅಂದಿದಾರೆ. ಕಣ್ಣು ಕಾಣದೆ ಅವರು ಎರಡು ವರ್ಷ ಹೇಗೆ ನಡೆಸಿದ್ರು ಅಂತ ನೀನು ಕೇಳಲ್ವಾ? ಯಾವ ಪೆಟ್ಟಿಗೆ ಎಲ್ಲಿ, ಒಳಗೆ ಎಷ್ಟು ಬೆರಳು ಬಿಟ್ಟು ಏನಿದೆ, ಎಲ್ಲಾ ಅವರ ಕೈಗೆ ಗೊತ್ತಿತ್ತು. ಯಾರು ಏನು ಕೇಳಿದ್ರೂ ಎದ್ದು ಹೋಗಿ ಕೈ ಹಾಕಿ ತೆಗೀತಿದ್ರು. ನನಗೇ ಎಷ್ಟೋ ದಿನ ಗೊತ್ತಾಗಲಿಲ್ಲ. ಆಸ್ಪತ್ರೆಯಿಂದ ಬಂದ ಮೊದಲನೇ ದಿನ ಒಬ್ಬ ಹುಡುಗಿ ಕುದುರೆ ಕೇಳಿದ್ಲು. ಕೈ ಹಾಕಿ ತೆಗೆದು ಕೊಟ್ರು. "ಅಕ್ಕಾ, ಇದು ಹೂದಾನಿ" ಅಂದ್ಲು. "ಎರಡಕ್ಕೂ ಕತ್ತಿದೆ, ಬರಿ ಹೋಗು" ಅಂತ ನಗಿಸಿ ಕಳಿಸಿದ್ರು. ಅವಳು ಹೋದ್ಮೇಲೆ ಒಂದೊಂದೇ ಪೆಟ್ಟಿಗೆ ಮುಟ್ಟಿ ನೋಡ್ತಾ ಬಂದ್ರು. ಅರವತ್ತನಾಲ್ಕೂ ಮುಟ್ಟಿದ್ರು. ಆಮೇಲೆ ಕೂತ್ಕೊಂಡ್ರು. ನೀನು ಒಳ್ಳೇದಕ್ಕೇ ಮಾಡಿದ್ದು ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ಆದ್ರೂ ನಿನಗೆ ಗೊತ್ತಿರ್ಲಿ. ಅಕ್ಕಾವ್ರು ಬಂದ್ರು, ನಿಲ್ಲಿಸ್ತೀನಿ.

•

ಅಕ್ಟೋಬರ್ ೨೬

ಅಕ್ಕಾ,

ಬೈಂಡರ್ ಮಾಮ ಕೊನೆಯಲ್ಲಿ ಏನು ಬರೆದಿದ್ದಾರೆಂದು ನಿಮಗೆ ಗೊತ್ತಿಲ್ಲ. ಅವರನ್ನು ಬೈಯಬೇಡಿ. ಮಾಮಾ, ಇದನ್ನು ಬಿಡದೆ ಓದಿ ಹೇಳಿ.

ಆಗಸ್ಟಿನಲ್ಲಿ ನಾನು "ಕಣ್ಣು ಮುಚ್ಚಿಕೊಂಡು ಹುಡುಕಬಹುದು" ಎಂದು ಬರೆದೆ. ಅದನ್ನು ನೀವು ಇನ್ನೊಬ್ಬರ ಬಾಯಿಂದ ಕೇಳಿದಿರಿ. ಮೂರು ದಿನದಿಂದ ಅದೇ ಕಿವಿಯಲ್ಲಿದೆ. ಅಕ್ಟೋಬರಿನ ಆ ಸಾಲಿನ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ನನ್ನ ಸುಳ್ಳೂ ಕೇಳಿ. ಕಾಫಿ ತಂದು ಕೊಟ್ಟದ್ದು ಎರಡು ದಿನ ಮಾತ್ರ. ಇವರು ಸೋಮವಾರ ಹೋದರೆ ಶನಿವಾರ ಸಂಜೆ ಬರುತ್ತಾರೆ. ಕೆಟ್ಟವರಲ್ಲ ಅಕ್ಕಾ. ಶೂ ಬಿಚ್ಚುತ್ತಾ ಕೂತಲ್ಲೇ ನಿದ್ದೆ ಹೋಗುತ್ತಾರೆ. ಇನ್ನೊಂದು ಶೂ ನಾನು ಬಿಚ್ಚುತ್ತೇನೆ. ಟೇಪಿನ ಕಥೆ ನಿಜ. ಅದು ಒಂದೇ ಭಾನುವಾರ. ಅದನ್ನೇ ಮತ್ತೆ ಮತ್ತೆ ಉಜ್ಜಿ ನಿಮಗೆ ಹೊಳಪಾಗಿ ಕಾಣುವಂತೆ ಬರೆದೆ.

ಕೀಲಿಕೈ ಕೊಡಬೇಡಿ. ನಾನು ಬರುತ್ತೇನೆ. ಎಲ್ಲವನ್ನೂ ಮೊದಲಿದ್ದಂತೆಯೇ ಇಡುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಹಳೆಯ ಜಾಗ ಬರೆದುಕೊಂಡಿಲ್ಲ, ಹೊಸದನ್ನು ಮಾತ್ರ ಬರೆದಿದ್ದೇನೆ. ಹಳೆಯದು ಜೋಡಣೆಯೇ ಅಲ್ಲ ಎಂದುಕೊಂಡಿದ್ದೆ. ನಾನು ಒಂದೊಂದೇ ಚಿತ್ರ ಎತ್ತಿ ಅದರಲ್ಲಿ ಏನಿದೆ ಎಂದು ಹೇಳುತ್ತೇನೆ, ಎಲ್ಲಿಡಬೇಕೆಂದು ನೀವು ಹೇಳಿ. ಡಿಸೆಂಬರ್ ನಾಲ್ಕಕ್ಕೆ ಇನ್ನೂ ಐದು ವಾರವಿದೆ.

ಬಾ ಎಂದು ಒಂದು ಕಾರ್ಡು ಹಾಕಿ.

•

ನವೆಂಬರ್ ೫

ವಟವಟಮ್ಮನಿಗೆ,

ಬೈಂಡರ್‌ಗೆ ಬೈದೆ. ಮತ್ತೆ ಅವರ ಕೈಯಲ್ಲೇ ಬರೆಸುತ್ತಿದ್ದೇನೆ, ಬೇರೆ ಗತಿಯಿಲ್ಲ.

ಇಪ್ಪತ್ತನಾಲ್ಕಕ್ಕೆ ಬಾ. ಅದಕ್ಕೆ ಮೊದಲು ಪರೀಕ್ಷೆ, ಕೋಣೆ ಖಾಲಿ ಇರುವುದಿಲ್ಲ. ಹತ್ತು ದಿನ ಸಿಗುತ್ತದೆ. ಮುಗಿಯುವುದಿಲ್ಲ. ಆದಷ್ಟು ಆಗಲಿ.

ಗಂಟಲು ಸರಿ ಮಾಡಿಕೊಂಡು ಬಾ. ತುಂಬ ಮಾತಾಡಬೇಕಾಗುತ್ತದೆ. ಈ ಒಂದು ಕೆಲಸಕ್ಕೆ ನಿನ್ನನ್ನು ಮೀರಿಸುವವರಿಲ್ಲ.

ಮನೆಯವರನ್ನು ಕೇಳಿಕೊಂಡು ಬಾ.

ಅಕ್ಕ

•

ಡಿಸೆಂಬರ್ ೧೨

ಪ್ರೀತಿಯ ಅಕ್ಕಾ,

ಊರು ಸೇರಿ ಆರು ದಿನವಾಯಿತು. ಗಂಟಲು ಇನ್ನೂ ಕಪ್ಪೆಯದೇ. ಇವರು ಶನಿವಾರ ಬಂದು, "ಇದೇನೇ, ಮನೆ ಇಷ್ಟು ನಿಶ್ಶಬ್ದ?" ಎಂದರು.

ಬಸ್ ಹತ್ತುವಾಗ ನೀವು ನನ್ನ ತಲೆ ಸವರಿ, "ಕೋಣೆ ಉಳಿಯಿತಲ್ಲ, ಸಾಕು" ಎಂದಿರಿ. ನಾನು ಹೂಂ ಎಂದೆ. ಅದು ಪೂರ್ತಿ ಹೂಂ ಆಗಿರಲಿಲ್ಲ. ಕಮಿಟಿ ಬಂದ ದಿನ ಬೆಳಿಗ್ಗೆ ಕೋಣೆಯಲ್ಲಿ ನಡೆದದ್ದರಲ್ಲಿ ನೀವು ನೋಡಲಾಗದೆ ಹೋದದ್ದನ್ನು ಈಗ ಬರೆಯುತ್ತೇನೆ. ಎದುರಿಗೆ ನಿಂತು ಹೇಳಲು ಧೈರ್ಯ ಬರಲಿಲ್ಲ.

ಕಮಿಟಿಯ ಹಿರಿಯರು ಖಾಲಿ ಕುರ್ಚಿ ತೋರಿಸಿ ಎಂದಾಗ ನೀವು ಎದ್ದು ಹೋಗಿ, ಪೆಟ್ಟಿಗೆ ಎಣಿಸಿ, ಬೆರಳು ಇಳಿಸಿ, ಎಳೆದು ಕೊಟ್ಟಿರಿ. ಅದು ಕಿಟಕಿಯ ಪಕ್ಕದ ಹಳದಿ ಕುರ್ಚಿ. ಕಮಿಟಿಯ ಮೂವರೂ ಮುಖ ಮುಖ ನೋಡಿಕೊಂಡರು. ಹಗ್ಗ ಕೇಳಿದರು, ಅದನ್ನೂ ಕೊಟ್ಟಿರಿ. ಬಾಗಿಲಲ್ಲಿದ್ದ ವಿದ್ಯಾರ್ಥಿಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಬೈಂಡರ್ ಮಾಮ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡರು, ಇದನ್ನು ಓದುತ್ತಾ ಅವರು ಈಗ ಕೆಮ್ಮಿದರೂ ಅದು ನಿಜ. ಮೂರನೆಯದು ಕುದುರೆ. ಹತ್ತು ದಿನದ ಜೋಡಣೆಯಲ್ಲಿ ನಾವು ಕುದುರೆಗಳವರೆಗೆ ಬಂದೇ ಇರಲಿಲ್ಲ. ನಿಮ್ಮ ಕೈ ಪೆಟ್ಟಿಗೆಯ ಮೇಲೆ ಸುಮ್ಮನೆ ನಿಂತಿತು.

ಆಗ ಹಿರಿಯರು ಚೀಲದಿಂದ ನನ್ನ ತೊಂಬತ್ತು ಪುಟ ತೆಗೆದರು! ಅದು ಅವರ ಕೈಗೆ ಹೇಗೆ ಹೋಯಿತೋ ನನಗೆ ತಿಳಿಯದು. ಬಾಗಿಲಲ್ಲಿದ್ದ ಒಬ್ಬ ಹುಡುಗಿಯನ್ನು ಕರೆದು, ಕುದುರೆಗಳಿಗೇ ಹೆಸರಾದ ಒಬ್ಬ ಕಲಾವಿದನ ಸಾಲು ತೋರಿಸಿದರು. ಆ ಪೆಟ್ಟಿಗೆಯನ್ನು ನಾವು ಮುಟ್ಟಿರಲಿಲ್ಲ. ಅವಳು ಅರ್ಧ ನಿಮಿಷದಲ್ಲಿ ತೆಗೆದು ಕೊಟ್ಟಳು. ಹಿರಿಯರು ಪ್ರಿನ್ಸಿಪಾಲರ ಕಡೆ ತಿರುಗಿ ತಲೆಯಾಡಿಸಿದರು. ಅದನ್ನು ನೀವು ನೋಡಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ ಪ್ರಿನ್ಸಿಪಾಲರು ನನಗೆ, "ಕೋಣೆ ಇರುತ್ತಮ್ಮ, ಆದ್ರೆ ನಿಮ್ಮ ಜೋಡಣೆಯಲ್ಲೇ ಇರ್ಬೇಕು. ಈ ಹತ್ತು ದಿನದಲ್ಲಿ ಬದಲಾಯಿಸಿದ್ದನ್ನೆಲ್ಲ ವಾಪಸ್ ಹಾಕಿಸ್ತೀವಿ" ಎಂದರು. ಹತ್ತು ದಿನ, ಸಾವಿರದ ಒಂಬೈನೂರು ಚಿತ್ರ, ನಿಮ್ಮ ಸ್ಟೂಲು, ನನ್ನ ಗಂಟಲು. ಎಲ್ಲ ವ್ಯರ್ಥ. ಎರಡನೆಯ ಸಲವೂ ನಿಮ್ಮ ಕೈಯಿಂದ ಕಿತ್ತುಕೊಂಡದ್ದು ನನ್ನದೇ ಕಾಗದ.

ಬೇಡವೆಂದು ಕಮಿಟಿಗೆ ಬರೆಯಲೇ? ಅನುಕ್ರಮಣಿಕೆ ತುಂಬ ತಪ್ಪು ಎಂದು ಬರೆಯಲೇ? ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ
ವಟವಟ

•

ಡಿಸೆಂಬರ್ ೨೮

ವಟವಟಮ್ಮನಿಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಹಾಳೆ ಹೆಚ್ಚಾಗುತ್ತದೆ. ಬೈಂಡರ್ ಮುಂದೆ ಹೇಳಲಾಗದ್ದು ಇದೆ.

ಕಮಿಟಿಗೆ ಏನೂ ಬರೆಯಬೇಡ. ಆ ತೊಂಬತ್ತು ಪುಟವನ್ನು ಪ್ರಿನ್ಸಿಪಾಲರಿಗೆ ಕೊಟ್ಟವಳು ನಾನೇ. ನವೆಂಬರ್ ಮೂರರಂದು, ನಿನ್ನನ್ನು ಬಾ ಎಂದು ಬರೆಸುವ ಎರಡು ದಿನ ಮೊದಲು. ನನ್ನ ಕಣ್ಣಿನ ವಿಷಯವನ್ನೂ ಅಂದೇ ಹೇಳಿದೆ. ಈ ಜೋಡಣೆಯಲ್ಲೇ ಕೋಣೆ ಇರಲಿ, ನಾನು ಡಿಸೆಂಬರಿಗೆ ಕೆಲಸ ಬಿಡುತ್ತೇನೆ ಎಂದೆ. ಅವರು ಒಪ್ಪಿದರು. ನನ್ನ ಜೋಡಣೆಗೆ ನಾನೇ ಬೇಕು. ನಿನ್ನದಕ್ಕೆ ಯಾರಾದರೂ ಸಾಕು. ನೀನು ಹೋದ ಮೇಲೆ ನಾಲ್ವರು ವಿದ್ಯಾರ್ಥಿಗಳು ನಿನ್ನ ಪುಟ ಹಿಡಿದು ಸಾವಿರದ ಒಂಬೈನೂರನ್ನೂ ಎರಡೇ ದಿನದಲ್ಲಿ ವಾಪಸ್ ಇಟ್ಟರು. ಒಂದೂ ತಪ್ಪಲಿಲ್ಲ. ಬೈಂಡರ್ ಎಣಿಸಿದರು.

ಕಮಿಟಿಯವರ ಮುಂದೆ ಕುರ್ಚಿಯನ್ನೂ ಹಗ್ಗವನ್ನೂ ತೆಗೆದು ಕೊಟ್ಟದ್ದು ನನ್ನ ಆಸೆಗೆ. ನೀನು ನೋಡುತ್ತಿದ್ದೆಯಲ್ಲ.

ಹಾಗಾದರೆ ಯಾಕೆ ಕರೆದಿರಿ ಎಂದು ನೀನು ಕೇಳುತ್ತೀಯ. ನೀನು ಅಕ್ಟೋಬರಿನಲ್ಲಿ ಬರೆದೆ, ಒಂದೊಂದೇ ಚಿತ್ರ ಎತ್ತಿ ಅದರಲ್ಲಿ ಏನಿದೆ ಎಂದು ಹೇಳುತ್ತೇನೆ ಎಂದು. ಬೈಂಡರ್ ಅದನ್ನು ಓದಿದಾಗ ಇನ್ನೊಮ್ಮೆ ಓದಿ ಎಂದೆ. ಅವುಗಳನ್ನು ಕತ್ತರಿಸಿದವಳು ನಾನು. ಎರಡು ವರ್ಷದಿಂದ ಒಂದನ್ನೂ ನೋಡಿರಲಿಲ್ಲ, ಮುಟ್ಟುತ್ತಿದ್ದೆ ಅಷ್ಟೆ. ನೀನು ಹತ್ತು ದಿನ ಹೇಳುತ್ತಾ ಹೋದೆ. ಅಕ್ಕಾ, ಇದೊಂದು ನಾಯಿ, ಒದ್ದೆಯಾಗಿದೆ, ಅದಕ್ಕೆ ನಾಚಿಕೆಯಾಗಿದೆ. ಅಕ್ಕಾ, ಈ ಹೆಂಗಸಿಗೆ ಚಿತ್ರ ಬರೆಸಿಕೊಂಡು ಸಾಕಾಗಿದೆ, ಎದ್ದು ಹೋಗಲು ನೋಡುತ್ತಿದ್ದಾಳೆ. ನಾನು ಎಲ್ಲಿಡಬೇಕೆಂದು ಏನೋ ಒಂದು ಹೇಳುತ್ತಿದ್ದೆ. ಕೆಲವು ಸಲ ಸುಳ್ಳೇ ಹೇಳಿದೆ. ನನಗೆ ಮುಂದಿನದು ಬೇಕಿತ್ತು.

ಜನವರಿಯಿಂದ ಹೊಸಬರು ಬರುತ್ತಾರೆ. ಕೋಣೆಗೆ ಬಂದು ಕೂರಲು ನನಗೆ ಅನುಮತಿ ಇದೆ. ಕೇಳಿಕೊಂಡೆ.

ಇನ್ನೂ ನಾಲ್ಕು ಸಾವಿರದ ನೂರು ಉಳಿದಿವೆ. ಅವಸರವಿಲ್ಲ. ಬೇಸಿಗೆಯಲ್ಲಿ ಮನೆಯವರನ್ನೂ ಕರೆದುಕೊಂಡು ಬಾ. ಅವರು ಕುರ್ಚಿಯಲ್ಲಿ ನಿದ್ದೆ ಮಾಡಲಿ, ನೀನು ಹೇಳು.

ಅಕ್ಕ